ಹೃದಯದ ವಾಲ್ವ್ ಆಪರೇಷನ್: ಬಲೂನಾ, ರಿಪೇರಿಯಾ, ಹೊಸ ವಾಲ್ವಾ? ಒಪ್ಪಿಗೆ ಕೊಡುವ ಮುಂಚೆ ತಿಳಿದುಕೊಳ್ಳಬೇಕಾದ್ದು

ವಾಲ್ವ್ ಹಾಳಾಗಿದೆ, ಆಪರೇಷನ್ ಮಾಡಬೇಕು ಅಂತ ಡಾಕ್ಟರ್ ಹೇಳಿದ ದಿನ ಮನೆಯವರ ತಲೆಯಲ್ಲಿ ಓಡುವುದು ಎರಡೇ ಪ್ರಶ್ನೆ. ಜೀವಕ್ಕೆ ಏನೂ ಆಗಲ್ಲ ತಾನೇ? ದುಡ್ಡು ಎಷ್ಟು ಬೇಕು? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮೂರನೆಯದೊಂದಿದೆ, ಅದನ್ನು ಕೇಳುವವರು ಕಡಿಮೆ. ಆಪರೇಷನ್ ಆದ ಮೇಲೆ ಮುಂದಿನ ಇಪ್ಪತ್ತು ವರ್ಷ ದಿನಾ ಹೇಗೆ ಬದುಕಬೇಕಾಗುತ್ತದೆ? ಯಾವ ಮಾತ್ರೆ, ಯಾವ ಟೆಸ್ಟ್, ನಮ್ಮೂರಲ್ಲಿ ಆ ಟೆಸ್ಟ್ ಸಿಗುತ್ತದಾ, ಮಗಳಿಗಾದರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ ಇದೆಯಾ? ಆಪರೇಷನ್ ಥಿಯೇಟರ್ ಒಳಗೆ ಏನು ಮಾಡಬೇಕು ಅಂತ ಸರ್ಜನ್‌ಗೆ ಗೊತ್ತು. ಯಾವ ವಾಲ್ವ್ ಎನ್ನುವ ನಿರ್ಧಾರದಲ್ಲಿ ಮಾತ್ರ ನಿಮ್ಮ ಪಾಲು ದೊಡ್ಡದು, ಯಾಕೆಂದರೆ ಅದರ ಜೊತೆ ಬಾಳುವವರು ನೀವು.

ಇದನ್ನು ಓದಿ ನೀವೇ ಚಿಕಿತ್ಸೆ ತೀರ್ಮಾನ ಮಾಡಿಕೊಳ್ಳಿ ಅಂತಲ್ಲ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ, ಅಷ್ಟೇ.

1. ಮೊದಲು ಎಕೋ ರಿಪೋರ್ಟ್ ಓದಲು ಕಲಿಯಿರಿ

ಹೃದಯದಲ್ಲಿ ನಾಲ್ಕು ವಾಲ್ವ್‌ಗಳಿವೆ: ಮೈಟ್ರಲ್, ಅಯೋರ್ಟಿಕ್, ಟ್ರೈಕಸ್ಪಿಡ್, ಪಲ್ಮನರಿ. ಒಂದೇ ಕಡೆಗೆ ತೆರೆಯುವ ಬಾಗಿಲು ಅಂದುಕೊಳ್ಳಿ. ಬಾಗಿಲು ಹಾಳಾಗುವುದು ಎರಡು ಥರ. ಪೂರ್ತಿ ತೆರೆಯದೆ ದಾರಿ ಕಿರಿದಾಗುವುದು ಒಂದು, ಇದಕ್ಕೆ ಸ್ಟೆನೋಸಿಸ್ ಎನ್ನುತ್ತಾರೆ. ಪೂರ್ತಿ ಮುಚ್ಚದೆ ರಕ್ತ ವಾಪಸ್ ಸೋರುವುದು ಇನ್ನೊಂದು, ಇದು ರಿಗರ್ಜಿಟೇಷನ್, ಸಾಮಾನ್ಯವಾಗಿ ಲೀಕ್ ಅಂತಲೇ ಹೇಳುತ್ತಾರೆ. ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತವೆ.

ಎಕೋ ಅಂದರೆ ಹೃದಯದ ಸ್ಕ್ಯಾನಿಂಗ್. ಅದರ ರಿಪೋರ್ಟಿನ ಕೊನೆಯಲ್ಲಿ ಎಂಎಸ್, ಎಂಆರ್, ಎಎಸ್, ಎಆರ್ ಅಂತ ಎರಡಕ್ಷರದಲ್ಲಿ ಬರೆದಿರುತ್ತಾರೆ. ಮೊದಲ ಅಕ್ಷರ ಯಾವ ವಾಲ್ವ್ ಎಂದು ಹೇಳುತ್ತದೆ. ಎರಡನೆಯದು ಎಸ್ ಆದರೆ ಕಿರಿದಾಗಿದೆ, ಆರ್ ಆದರೆ ಲೀಕ್. ಪಕ್ಕದಲ್ಲಿ ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಇರುತ್ತದೆ. ಮೈಲ್ಡ್ ಎಂಆರ್ ಅಂತ ನೋಡಿ ರಾತ್ರಿಯಿಡೀ ನಿದ್ದೆಗೆಡುವವರಿದ್ದಾರೆ. ಸುಮ್ನೆ ಹೆದರಬೇಡಿ. ಚಿಕ್ಕ ಲೀಕ್ ತುಂಬಾ ಜನರಿಗೆ ಇರುತ್ತದೆ, ಅದಕ್ಕೆ ಆಪರೇಷನ್ ಬೇಕಿಲ್ಲ.

ಇನ್ನೆರಡು ಅಂಕಿ ನೋಡಿ. ಮೈಟ್ರಲ್ ವಾಲ್ವಿನ ದಾರಿ ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. 1.5ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಸಿವಿಯರ್. ಅಯೋರ್ಟಿಕ್‌ನಲ್ಲಿ ಸಹಜ ಅಳತೆ 3ರಿಂದ 4, ಅದು 1ಕ್ಕೆ ಇಳಿದರೆ ಸಿವಿಯರ್. ಆಮೇಲೆ ಇಎಫ್, ಅಂದರೆ ಹೃದಯ ಪಂಪ್ ಮಾಡುವ ಬಲ. ಇಲ್ಲೊಂದು ಎಚ್ಚರಿಕೆ ಬೇಕು. ಮೈಟ್ರಲ್ ಲೀಕ್ ಸಿವಿಯರ್ ಇರುವವರಲ್ಲಿ ಇಎಫ್ 60ಕ್ಕೆ ಬಂದರೆ ಸಾಕು, ಹೃದಯ ಸೋಲಲು ಶುರುವಾಗಿದೆ ಎಂದೇ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಬೇರೆಯವರಿಗೆ ಅದೇ 60 ನಾರ್ಮಲ್. ಆದ್ದರಿಂದ ಪಕ್ಕದ ಮನೆಯವರ ರಿಪೋರ್ಟಿಗೆ ನಿಮ್ಮದನ್ನು ಹೋಲಿಸಬೇಡಿ.

ಕಾರಣವೂ ಕೇಳಿ ತಿಳಿದುಕೊಳ್ಳಿ. ನಮ್ಮ ಕಡೆ ಚಿಕ್ಕ ವಯಸ್ಸಿನವರಲ್ಲಿ ವಾಲ್ವ್ ಹಾಳಾಗಲು ಈಗಲೂ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದೊಳಗೆ ಗಂಟಲು ನೋವು ಬರುತ್ತದೆ, ಆಮೇಲೆ ಕೀಲು ಊದಿಕೊಂಡು ಜ್ವರ ಬರುತ್ತದೆ, ವಾಸಿಯಾಯಿತು ಅಂತ ಎಲ್ಲರೂ ಮರೆತುಬಿಡುತ್ತಾರೆ. ಹತ್ತಿಪ್ಪತ್ತು ವರ್ಷ ಕಳೆದು, ಎಷ್ಟೋ ಸಲ ಹೆಣ್ಣುಮಗಳು ಬಸುರಿಯಾದಾಗ, ಉಸಿರು ಕಟ್ಟಲು ಶುರುವಾದ ಮೇಲೆ ಮೈಟ್ರಲ್ ವಾಲ್ವ್ ಕಿರಿದಾಗಿರುವುದು ಗೊತ್ತಾಗುತ್ತದೆ. ವಯಸ್ಸಾದವರಲ್ಲಿ ಅಯೋರ್ಟಿಕ್ ವಾಲ್ವಿಗೆ ಸುಣ್ಣದ ಅಂಶ ಕಟ್ಟಿಕೊಂಡು ಗಟ್ಟಿಯಾಗುವುದು ಬೇರೆಯೇ ಕಥೆ. ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಲೆ (ತೆರೆದು ಮುಚ್ಚುವ ಪೊರೆ) ಇರುವ ಅಯೋರ್ಟಿಕ್ ವಾಲ್ವ್ ಕೂಡ ಮಧ್ಯವಯಸ್ಸಿಗೆ ಬರುವಷ್ಟರಲ್ಲಿ ಕೈಕೊಡಬಹುದು. ಕಾರಣ ಬೇರೆಯಾದರೆ ಚಿಕಿತ್ಸೆಯ ದಾರಿಯೂ ಬೇರೆ.

2. ಕಾಯಬಹುದಾ, ಕಾಯಬಾರದಾ

ಕಿರಿದಾದ ವಾಲ್ವನ್ನು ಅಗಲ ಮಾಡುವ ಮಾತ್ರೆ ಯಾವುದೂ ಇಲ್ಲ. ಅಲೋಪತಿಯಲ್ಲೂ ಇಲ್ಲ, ಬೇರೆ ಪದ್ಧತಿಗಳಲ್ಲೂ ಇಲ್ಲ. ನೀರು ಇಳಿಸುವ ಮಾತ್ರೆ, ಎದೆಬಡಿತ ನಿಧಾನ ಮಾಡುವ ಮಾತ್ರೆ ಕೊಟ್ಟಾಗ ಸುಸ್ತು ಕಡಿಮೆಯಾಗುತ್ತದೆ, ರೋಗಿ ಓಡಾಡುತ್ತಾರೆ, ಮನೆಯವರು "ಗುಣ ಆಯ್ತಲ್ಲ, ಇನ್ಯಾಕೆ ಆಪರೇಷನ್" ಎನ್ನುತ್ತಾರೆ. ಆಪರೇಷನ್ ತಡವಾಗುವುದು ಹೆಚ್ಚಾಗಿ ಇಲ್ಲೇ.

ಲಕ್ಷಣಗಳನ್ನು ಗಮನಿಸಿ. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ನಡುವೆ ನಿಲ್ಲಬೇಕಾಗುತ್ತದೆಯೇ? ಮಲಗಲು ಎರಡು ಮೂರು ದಿಂಬು ಬೇಕಾ? ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಾರಾ? ಕಾಲು ಊದಿದೆಯಾ? ನಮ್ಮ ಮನೆಗಳ ಹೆಂಗಸರು ಇದನ್ನೆಲ್ಲ ರಕ್ತ ಕಡಿಮೆ, ಬಿಸಿಲು ಜಾಸ್ತಿ, ವಯಸ್ಸಾಯಿತು ಅಂತ ಹೇಳಿ ತಳ್ಳಿಬಿಡುತ್ತಾರೆ. ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬರುವುದರೊಳಗೆ ಕೂರುವಂತಾದರೆ ಅದು ವಯಸ್ಸಿನ ಸುಸ್ತು ಅಂತ ಬಿಡಬೇಡಿ.

ಅಯೋರ್ಟಿಕ್ ವಾಲ್ವ್ ಸಿವಿಯರ್ ಆಗಿ ಕಿರಿದಾಗಿದ್ದು, ನಡೆಯುವಾಗ ಎದೆನೋವು, ತಲೆಸುತ್ತಿ ಬೀಳುವುದು, ಏದುಸಿರು, ಈ ಮೂರರಲ್ಲಿ ಒಂದು ಕಾಣಿಸಿಕೊಂಡರೂ ಮುಂದೂಡಲೇಬೇಡಿ. ಅಲ್ಲಿಂದ ಮುಂದೆ ಚಿಕಿತ್ಸೆ ಇಲ್ಲದೆ ಹೆಚ್ಚಿನವರಿಗೆ ಉಳಿಯುವುದು ಕೆಲವೇ ವರ್ಷ. ಲೀಕ್ ಇರುವವರ ವಿಷಯ ಉಲ್ಟಾ. ಹೃದಯ ಹಿಗ್ಗುತ್ತಾ ಹೋದರೂ ಅವರಿಗೆ ಏನೂ ಅನ್ನಿಸದಿರಬಹುದು. ಅದಕ್ಕೇ ಡಾಕ್ಟರ್ ಆರು ತಿಂಗಳಿಗೋ ವರ್ಷಕ್ಕೋ ಎಕೋ ಹೇಳಿದ್ದರೆ ತಪ್ಪಿಸಬೇಡಿ.

3. ಬಲೂನ್‌ನಲ್ಲಿ ಆಗುತ್ತದಾ ಎಂದು ಮೊದಲು ಕೇಳಿ

ಮೈಟ್ರಲ್ ವಾಲ್ವ್ ಕಿರಿದಾಗಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎದೆ ಕೊಯ್ಯುವುದಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ತೆಳು ಕೊಳವೆಯನ್ನು ಹೃದಯದವರೆಗೆ ಒಯ್ದು, ಎರಡು ಮೇಲ್ಕೋಣೆಗಳ ನಡುವಿನ ಗೋಡೆಯಲ್ಲಿ ಚಿಕ್ಕ ತೂತು ಮಾಡಿ, ವಾಲ್ವಿನ ನಡುವೆ ಬಲೂನ್ ಉಬ್ಬಿಸುತ್ತಾರೆ. ಅಂಟಿಕೊಂಡಿದ್ದ ಅಂಚುಗಳು ಬಿಡಿಸಿಕೊಳ್ಳುತ್ತವೆ. ಬಲೂನ್ ಉಬ್ಬಿ ಇಳಿಯುವುದು ಕೆಲವೇ ಸೆಕೆಂಡಿನ ಕೆಲಸ. ಎಲ್ಲ ಸರಿಹೋದರೆ ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಜಪಾನಿನ ಸರ್ಜನ್ ಕಾಂಜಿ ಇನೌಯೆ 1980ರ ದಶಕದ ಆರಂಭದಲ್ಲಿ ಈ ಬಲೂನ್ ತಂದರು, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ನಮ್ಮಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ದೇಶದಲ್ಲೇ ಹೆಸರಾದ ಜಾಗ. ಮೈಸೂರು, ಕಲಬುರಗಿಯಲ್ಲೂ ಅದರ ಆಸ್ಪತ್ರೆಗಳಿವೆ.

ಎಲ್ಲರಿಗೂ ಬಲೂನ್ ಆಗುವುದಿಲ್ಲ. ವಾಲ್ವ್ ಇನ್ನೂ ಸ್ವಲ್ಪ ಮೆತ್ತಗಿರಬೇಕು, ಸುಣ್ಣ ಜಾಸ್ತಿ ಕಟ್ಟಿರಬಾರದು, ಜೊತೆಗೆ ದೊಡ್ಡ ಲೀಕ್ ಇರಬಾರದು, ಹೃದಯದ ಎಡ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿರಬಾರದು. ಹೆಪ್ಪು ಇದೆಯಾ ಎಂದು ನೋಡಲು ಬಾಯಿಂದ ಅನ್ನನಾಳಕ್ಕೆ ಕೊಳವೆ ಇಳಿಸಿ ಮಾಡುವ ಎಕೋ ಬೇಕಾಗುತ್ತದೆ. ಹೆಪ್ಪು ಕಂಡರೆ ಬಾಗಿಲು ಮುಚ್ಚಿತು ಅಂತಲ್ಲ. ತುರ್ತು ಇಲ್ಲದಿದ್ದರೆ ರಕ್ತ ತೆಳು ಮಾಡುವ ಮಾತ್ರೆಯನ್ನು ಕೆಲವು ತಿಂಗಳು ಕೊಟ್ಟು, ಹೆಪ್ಪು ಕರಗಿದೆಯಾ ನೋಡಿ, ಆಮೇಲೆ ಬಲೂನ್ ಮಾಡುವುದುಂಟು. ಬಸುರಿಯರಿಗೂ ಅಗತ್ಯ ಬಿದ್ದರೆ ಮೂರು ತಿಂಗಳು ತುಂಬಿದ ಮೇಲೆ, ಹೊಟ್ಟೆಗೆ ಸೀಸದ ರಕ್ಷಾಕವಚ ಹಾಕಿ ಮಾಡುತ್ತಾರೆ.

ಬಲೂನ್ ಶಾಶ್ವತ ಅಲ್ಲ ಅನ್ನುವುದೂ ಗೊತ್ತಿರಲಿ. ಹಲವು ವರ್ಷ ಚೆನ್ನಾಗಿದ್ದು ಮತ್ತೆ ಕಿರಿದಾಗಬಹುದು. ಕೆಲವರಿಗೆ ಇನ್ನೊಮ್ಮೆ ಬಲೂನ್ ಆಗುತ್ತದೆ, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಆದರೆ ಇಪ್ಪತ್ತೈದರ ಹುಡುಗಿಗೆ ಸ್ವಂತ ವಾಲ್ವಿನ ಜೊತೆ ಇನ್ನೊಂದು ಹತ್ತು ವರ್ಷ ಸಿಕ್ಕಿತು ಅಂದರೆ ಮದುವೆ, ಮಕ್ಕಳು ಎಲ್ಲ ಆ ಹತ್ತು ವರ್ಷದಲ್ಲಿ ಆಗಿರುತ್ತವೆ. ಅದು ಸಣ್ಣ ಲಾಭ ಅಲ್ಲವೇ ಅಲ್ಲ.

ದೊಡ್ಡವರ ಅಯೋರ್ಟಿಕ್ ವಾಲ್ವಿಗೆ ಬರೀ ಬಲೂನ್ ಮಾಡಿದರೆ ಉಪಯೋಗ ತಾತ್ಕಾಲಿಕ, ಕೆಲವು ತಿಂಗಳಲ್ಲೇ ಮತ್ತೆ ಬಿಗಿಯಾಗುತ್ತದೆ. ಬೇರೆ ಚಿಕಿತ್ಸೆವರೆಗೆ ದಿನ ತಳ್ಳಲು ಮಾತ್ರ ಅದು.

4. ರಿಪೇರಿ ಸಾಧ್ಯವಾ?

ಸ್ವಂತ ವಾಲ್ವನ್ನು ಉಳಿಸಿಕೊಳ್ಳಲು ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೈಟ್ರಲ್ ವಾಲ್ವಿನ ಎಲೆ ಸಡಿಲವಾಗಿ ಹಿಂದಕ್ಕೆ ಬಾಗುವುದರಿಂದ ಬರುವ ಲೀಕ್‌ಗೆ ರಿಪೇರಿ ಚೆನ್ನಾಗಿ ಒಗ್ಗುತ್ತದೆ. ಎಲೆಗಳನ್ನು ಹಿಡಿದಿಡುವ ದಾರಗಳು ಹರಿದಿದ್ದರೆ ಆ ಜಾಗಕ್ಕೆ ಕೃತಕ ದಾರ ಹಾಕುತ್ತಾರೆ, ಹೆಚ್ಚಾದ ಎಲೆಯ ಭಾಗ ಕತ್ತರಿಸಿ ಹೊಲಿಯುತ್ತಾರೆ, ಹಿಗ್ಗಿದ ಬಾಯಿಗೆ ಒಂದು ರಿಂಗ್ ಕೂರಿಸುತ್ತಾರೆ. ಫ್ರಾನ್ಸಿನ ಅಲೆನ್ ಕಾರ್ಪೆಂಟಿಯೆ ಈ ಕಲೆಯನ್ನು ಬೆಳೆಸಿದ ಸರ್ಜನ್. ರಿಪೇರಿ ಆದರೆ ಜೀವನಪೂರ್ತಿ ರಕ್ತ ತೆಳುವಿನ ಮಾತ್ರೆ ಹೆಚ್ಚಿನವರಿಗೆ ಬೇಕಿಲ್ಲ.

ರುಮ್ಯಾಟಿಕ್ ವಾಲ್ವ್ ರಿಪೇರಿ ಕಷ್ಟ. ಎಲೆಗಳು ದಪ್ಪವಾಗಿ, ಕುಗ್ಗಿ, ಒಂದಕ್ಕೊಂದು ಅಂಟಿರುತ್ತವೆ. ಅದರಲ್ಲಿ ಪಳಗಿದ ಕೈಗಳು ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ಸರ್ಜನ್ ಹತ್ತಿರ ನೇರವಾಗಿ ಕೇಳಿ: "ಸಾರ್, ಇದು ರಿಪೇರಿ ಆಗುವ ವಾಲ್ವಾ? ನೀವು ವರ್ಷಕ್ಕೆ ಎಷ್ಟು ರಿಪೇರಿ ಮಾಡುತ್ತೀರಿ? ಒಳಗೆ ನೋಡಿದಾಗ ಆಗದಿದ್ದರೆ ಯಾವ ವಾಲ್ವ್ ಹಾಕುತ್ತೀರಿ?" ಮೂರನೇ ಪ್ರಶ್ನೆ ತುಂಬಾ ಮುಖ್ಯ. ಎದೆ ತೆರೆದ ಮೇಲೆ ರಿಪೇರಿ ಆಗಲ್ಲ ಅಂತ ಗೊತ್ತಾದರೆ ಆಗ ನಿಮ್ಮನ್ನು ಎಬ್ಬಿಸಿ ಕೇಳಲು ಆಗುವುದಿಲ್ಲ. ಮುಂಚೆಯೇ ಮಾತಾಗಿರಬೇಕು.

5. ಲೋಹದ ವಾಲ್ವಾ, ಟಿಶ್ಯೂ ವಾಲ್ವಾ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಲೋಹದ ವಾಲ್ವ್ ಅಂತ ನಾವು ಕರೆಯುವುದರ ಎಲೆಗಳು ಹೆಚ್ಚಾಗಿ ಒಂದು ಬಗೆಯ ಗಟ್ಟಿ ಇಂಗಾಲದವು. ಸವೆಯುವುದು ಇಲ್ಲವೆನ್ನುವಷ್ಟು ಕಡಿಮೆ, ದಶಕಗಟ್ಟಲೆ ಬರುತ್ತದೆ. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮುಂದಾಳತ್ವದಲ್ಲಿ ತಯಾರಾಯಿತು. 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಕೆಲಸ ಮಾಡಿದೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು. ವಿದೇಶಿ ವಾಲ್ವ್ ಕೊಳ್ಳಲಾಗದ ಸಾವಿರಾರು ಮನೆಗಳಿಗೆ ಆ ಕೆಲಸದಿಂದ ಎಂಥ ಉಪಕಾರವಾಗಿದೆ ಎಂದು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಲೋಹದ ವಾಲ್ವಿನ ತೊಂದರೆ ಒಂದೇ, ಆದರೆ ದೊಡ್ಡದು. ಅದರ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪುಗಟ್ಟದಂತೆ ಬದುಕಿರುವವರೆಗೆ ದಿನಾ ಮಾತ್ರೆ ನುಂಗಬೇಕು. ನಮ್ಮಲ್ಲಿ ಜಾಸ್ತಿ ಕೊಡುವುದು ಅಸಿಟ್ರೋಮ್, ಇಲ್ಲದಿದ್ದರೆ ವಾರ್ಫರಿನ್. ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ಪಿಟಿ-ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಕಡಿಮೆಯಾದರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ ಅಥವಾ ಲಕ್ವ ಹೊಡೆಯುತ್ತದೆ, ಹೆಚ್ಚಾದರೆ ರಕ್ತಸ್ರಾವ. ಟೆಸ್ಟ್ ಇಲ್ಲದೆ ತೆಗೆದುಕೊಳ್ಳಬಹುದಾದ ಹೊಸ ಮಾತ್ರೆಗಳಿವೆಯಲ್ಲ, ಡ್ಯಾಬಿಗಟ್ರಾನ್, ಅಪಿಕ್ಸಬಾನ್ ಅಂತ, ಅವು ಲೋಹದ ವಾಲ್ವಿಗೆ ಆಗುವುದಿಲ್ಲ. ಪ್ರಯೋಗ ಮಾಡಿ ನೋಡಿ, ಅಪಾಯ ಕಂಡು ನಿಲ್ಲಿಸಿದ್ದಾರೆ.

ಟಿಶ್ಯೂ ವಾಲ್ವ್ ಹಸು ಜಾತಿಯ ಪ್ರಾಣಿಯ ಹೃದಯದ ಸುತ್ತಲಿನ ಪೊರೆಯಿಂದ ಅಥವಾ ಹಂದಿಯ ವಾಲ್ವಿನಿಂದ ಮಾಡಿದ್ದು. ರಾಸಾಯನಿಕದಲ್ಲಿ ಹದ ಮಾಡಿರುವುದರಿಂದ ಅದರಲ್ಲಿ ಜೀವಕೋಶ ಉಳಿದಿರುವುದಿಲ್ಲ, ಕಿಡ್ನಿ ಕಸಿಯಂತೆ ದೇಹ ತಿರಸ್ಕರಿಸದಿರಲಿ ಅಂತ ಮಾತ್ರೆ ಬೇಕಿಲ್ಲ. ಧರ್ಮದ ಕಾರಣಕ್ಕೋ ಮನಸ್ಸಿನ ಕಾರಣಕ್ಕೋ ಯಾವುದಾದರೊಂದು ಪ್ರಾಣಿಯದು ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ ಮುಂಚೆಯೇ ಹೇಳಿ, ಬೇರೆ ಬಗೆ ಸಿಗುತ್ತದೆ. ಇದಕ್ಕೆ ರಕ್ತ ತೆಳುವಿನ ಮಾತ್ರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಆಮೇಲೆ ಹೆಚ್ಚಿನವರಿಗೆ ಆಸ್ಪಿರಿನ್ ಸಾಕು. ತೊಂದರೆ ಏನೆಂದರೆ ಸವೆಯುತ್ತದೆ. ವಯಸ್ಸಾದವರಲ್ಲಿ ಹತ್ತು ಹದಿನೈದು ವರ್ಷ ಬರುತ್ತದೆ, ಚಿಕ್ಕವರಲ್ಲಿ ಇನ್ನೂ ಬೇಗ ಹಾಳಾಗುತ್ತದೆ. ಆಗ ಇನ್ನೊಂದು ಆಪರೇಷನ್.

ವಯಸ್ಸಿನ ಲೆಕ್ಕ ಡಾಕ್ಟರುಗಳ ಬಳಿ ಇದೆ. ಅಮೆರಿಕದ 2020ರ ಮಾರ್ಗಸೂಚಿ ಪ್ರಕಾರ ಅಯೋರ್ಟಿಕ್‌ಗೆ 50ರ ಒಳಗಿನವರಿಗೆ ಲೋಹ, 65 ದಾಟಿದವರಿಗೆ ಟಿಶ್ಯೂ, ನಡುವಿನವರು ಕೂತು ಮಾತಾಡಿ ತೀರ್ಮಾನಿಸಬೇಕು. ಮೈಟ್ರಲ್ ಜಾಗದಲ್ಲಾದರೆ 65ರವರೆಗೂ ಲೋಹದ ಕಡೆಗೇ ಒಲವು. ಆದರೆ ವಯಸ್ಸೊಂದನ್ನೇ ನೋಡಿದರೆ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಹುಡುಕಿಕೊಂಡು ಹೋಗಿ.

ನಿಮ್ಮೂರಿಂದ ಪಿಟಿ-ಐಎನ್‌ಆರ್ ಮಾಡುವ ಲ್ಯಾಬ್ ಎಷ್ಟು ದೂರ? ತಾಲ್ಲೂಕು ಕೇಂದ್ರದಲ್ಲಿ ಇದೆಯಾ, ಜಿಲ್ಲಾ ಕೇಂದ್ರಕ್ಕೇ ಹೋಗಬೇಕಾ? ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಕಳೆದುಕೊಂಡು ತಿಂಗಳು ತಿಂಗಳೂ ಹೋಗಲು ಆಗುತ್ತದಾ? ರಿಪೋರ್ಟ್ ನೋಡಿ ಡೋಸ್ ಹೇಳುವ ಡಾಕ್ಟರ್ ಫೋನಿಗೆ ಸಿಗುತ್ತಾರಾ? ಕೆಲಸ ಎಂಥದ್ದು? ಮರ ಹತ್ತುವವರು, ಗರಗಸದ ಮಿಲ್ಲಿನಲ್ಲಿ ದುಡಿಯುವವರು, ಕಬಡ್ಡಿ ಆಡುವವರು ರಕ್ತ ತೆಳುವಿನ ಮಾತ್ರೆ ಮೇಲಿದ್ದರೆ ಒಂದು ಏಟಿಗೆ ಜಾಸ್ತಿ ರಕ್ತ ಹೋಗುತ್ತದೆ. ಕುಡಿತದ ಅಭ್ಯಾಸ ಇದ್ದರೆ ಐಎನ್‌ಆರ್ ಹಿಡಿತಕ್ಕೆ ಬರುವುದು ಕಷ್ಟ. ಇದನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಎದೆಬಡಿತ ಈಗಾಗಲೇ ಏರುಪೇರಾಗಿ, ಏಟ್ರಿಯಲ್ ಫಿಬ್ರಿಲೇಷನ್ ಅಂತ ಹೇಳಿದ್ದಾರಾ? ಹಾಗಿದ್ದರೆ ಯಾವ ವಾಲ್ವ್ ಹಾಕಿದರೂ ರಕ್ತ ತೆಳುವಿನ ಮಾತ್ರೆ ಬಿಡುವಂತಿಲ್ಲ, ಟಿಶ್ಯೂ ವಾಲ್ವಿನ ಅರ್ಧ ಲಾಭ ಅಲ್ಲೇ ಹೋಯಿತು.

ಮುಂದೆ ತಾಯಿಯಾಗಬೇಕೆಂದಿರುವ ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಅಸಿಟ್ರೋಮ್, ವಾರ್ಫರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು, ಅದರಲ್ಲೂ ಆರರಿಂದ ಹನ್ನೆರಡನೇ ವಾರದೊಳಗೆ. ಬದಲಿಗೆ ಹೆಪಾರಿನ್ ಇಂಜೆಕ್ಷನ್ ಕೊಟ್ಟರೆ ಮಗುವಿಗೆ ಒಳ್ಳೆಯದು, ಆದರೆ ತಾಯಿಯ ವಾಲ್ವ್ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಲೋಹದ ವಾಲ್ವ್ ಇದ್ದೂ ಮಕ್ಕಳನ್ನು ಹೆತ್ತವರಿದ್ದಾರೆ, ಆದರೆ ಅದು ಮೊದಲ ದಿನದಿಂದ ಹೃದ್ರೋಗ ತಜ್ಞರ ಕೈಯಲ್ಲೇ ಇರಬೇಕಾದ ಬಸುರಿತನ. ಟಿಶ್ಯೂ ವಾಲ್ವ್ ಹಾಕಿಸಿಕೊಂಡರೆ ಬಸುರಿತನ ಅಷ್ಟು ಕಷ್ಟವಲ್ಲ, ಆದರೆ ಮೂವತ್ತು ನಲವತ್ತರ ವಯಸ್ಸಿನಲ್ಲಿ ಎರಡನೇ ಆಪರೇಷನ್ ಖಂಡಿತ ಅಂದುಕೊಂಡೇ ಹೋಗಬೇಕು. ಎರಡರಲ್ಲಿ ಯಾವುದು ಎನ್ನುವುದನ್ನು ಅಪ್ಪ, ಅಣ್ಣ, ಮಾವ ಸೇರಿ ಕಾರಿಡಾರಿನಲ್ಲಿ ತೀರ್ಮಾನಿಸಿ ಬರುವುದನ್ನು ಆಸ್ಪತ್ರೆಗಳಲ್ಲಿ ನೋಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಆ ಹುಡುಗಿಯನ್ನು ಡಾಕ್ಟರ ಮುಂದೆ ಕೂರಿಸಿ, ಅವಳೇ ಕೇಳಲಿ, ಅವಳೇ ಹೇಳಲಿ. ಮದುವೆ ಮಾತುಕತೆಯಲ್ಲೂ ಇದನ್ನು ಮುಚ್ಚಿಡಬೇಡಿ. ಗಂಡನ ಮನೆಯವರಿಗೆ ಹೆದರಿ ಮಾತ್ರೆ ಬಚ್ಚಿಟ್ಟು ನುಂಗುವ, ಟೆಸ್ಟ್ ತಪ್ಪಿಸುವ ಪರಿಸ್ಥಿತಿ ಬಂದರೆ ಜೀವಕ್ಕೇ ಅಪಾಯ.

ಇನ್ನೊಂದು ಆಯ್ಕೆ ರಾಸ್ ಆಪರೇಷನ್. ಹಾಳಾದ ಅಯೋರ್ಟಿಕ್ ಜಾಗಕ್ಕೆ ರೋಗಿಯದೇ ಪಲ್ಮನರಿ ವಾಲ್ವ್ ತಂದು ಕೂರಿಸಿ, ಪಲ್ಮನರಿ ಜಾಗಕ್ಕೆ ಬೇರೆಯದು ಹಾಕುವುದು. 1967ರಲ್ಲಿ ಡೊನಾಲ್ಡ್ ರಾಸ್ ಶುರು ಮಾಡಿದ್ದು. ಚಿಕ್ಕ ವಯಸ್ಸಿನವರಿಗೆ ಒಳ್ಳೆಯದು, ಆದರೆ ಅದರಲ್ಲಿ ಅನುಭವ ಇರುವ ಸರ್ಜನ್ ಬೇಕೇ ಬೇಕು.

6. ಎದೆ ತೆರೆಯದೆ ವಾಲ್ವ್ ಹಾಕುವ ಟಾವಿ

ತೊಡೆಯ ರಕ್ತನಾಳದ ಮೂಲಕ ಮಡಚಿದ ಟಿಶ್ಯೂ ವಾಲ್ವನ್ನು ಒಯ್ದು, ಹಳೆಯ ಅಯೋರ್ಟಿಕ್ ವಾಲ್ವಿನ ಒಳಗೇ ಬಿಡಿಸಿ ಕೂರಿಸುವುದು ಟಾವಿ. ಫ್ರಾನ್ಸಿನ ಅಲೆನ್ ಕ್ರಿಬಿಯೆ 2002ರಲ್ಲಿ ಮೊದಲು ಮಾಡಿದರು. ಈಗ ಕರ್ನಾಟಕದ ದೊಡ್ಡ ಹೃದಯ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಗುಜರಾತಿನ ವಾಪಿಯ ಮೆರಿಲ್ ಕಂಪನಿಯ ಮೈವಾಲ್ ನಮ್ಮ ದೇಶದ್ದೇ ವಾಲ್ವ್.

65ರ ಒಳಗಿದ್ದರೆ ಓಪನ್ ಹಾರ್ಟ್, 80 ದಾಟಿದ್ದರೆ ಟಾವಿ, ನಡುವೆ ಇದ್ದರೆ ಎರಡನ್ನೂ ತೂಗಿ ನೋಡಿ ಎನ್ನುತ್ತದೆ ಅಮೆರಿಕದ ಅದೇ ಮಾರ್ಗಸೂಚಿ. ಕಿಡ್ನಿ, ಶ್ವಾಸಕೋಶ ದುರ್ಬಲ ಇರುವ ಹಿರಿಯರಿಗೆ ಇದು ನಿಜಕ್ಕೂ ವರ. ಆದರೆ ಮುಖ್ಯವಾಗಿ ಸುಣ್ಣ ಕಟ್ಟಿ ಕಿರಿದಾದ ಅಯೋರ್ಟಿಕ್ ವಾಲ್ವಿಗೆ ಮಾತ್ರ. ರುಮ್ಯಾಟಿಕ್ ಮೈಟ್ರಲ್‌ಗೆ "ನನಗೂ ಟಾವಿ ಮಾಡಿ" ಅಂದರೆ ಆಗದು. ಕೆಲವರಿಗೆ ಆಮೇಲೆ ಪೇಸ್‌ಮೇಕರ್ ಬೇಕಾಗುತ್ತದೆ. ಖರ್ಚೂ ಓಪನ್ ಹಾರ್ಟ್‌ಗಿಂತ ಹಲವು ಪಟ್ಟು. ಮುಂದೆ ಸವೆದ ಟಿಶ್ಯೂ ವಾಲ್ವಿನ ಒಳಗೆ ಇದೇ ರೀತಿ ಇನ್ನೊಂದನ್ನು ಕೂರಿಸಬಹುದು, ಆದ್ದರಿಂದ ಈಗ ಟಿಶ್ಯೂ ಹಾಕಿಸುವವರು "ಮುಂದೆ ಇದರೊಳಗೆ ಇನ್ನೊಂದು ಕೂರುವಷ್ಟು ಅಳತೆಯದು ಹಾಕಲು ಆಗುತ್ತದಾ" ಎಂದು ಸರ್ಜನ್‌ಗೆ ಕೇಳಿಡಿ.

7. ದುಡ್ಡು, ಕಾರ್ಡು, ಆಸ್ಪತ್ರೆ

ಸಾಲಕ್ಕೆ ಓಡುವ ಮುಂಚೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಇಲ್ಲದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ಆ ಕಾಗದ ಇಲ್ಲದೆ ನೇರ ಹೋದರೆ ವಾಪಸ್ ಓಡಾಡಬೇಕಾಗುತ್ತದೆ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಇದೆ, ಮುಂಚೆಯೇ ನೋಂದಾಯಿಸಿರಬೇಕು. ರಾಜ್ಯ ಸರ್ಕಾರಿ ನೌಕರರಿಗೆ ಬೇರೆಯೇ ಯೋಜನೆ ಇದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಉಚಿತ, ಆದರೆ ಸರದಿ ಕಾಯಬೇಕು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಕೌಂಟರ್ ಇರುತ್ತದೆ, ಆಧಾರ್, ರೇಷನ್ ಕಾರ್ಡ್ ಹಿಡಿದು ಮೊದಲು ಅಲ್ಲಿಗೆ ಹೋಗಿ. ಪ್ಯಾಕೇಜಿನಲ್ಲಿ ಯಾವ ವಾಲ್ವ್ ಬರುತ್ತದೆ, ಬೇರೆಯದು ಬೇಕಾದರೆ ಕೈಯಿಂದ ಎಷ್ಟು ಹಾಕಬೇಕು ಎಂದು ಬರೆಸಿಕೊಳ್ಳಿ.

8. ಅಡ್ಮಿಟ್ ಆಗುವ ಮುಂಚೆ

ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಹಾಸ್ಯದ ಮಾತಲ್ಲ. ಹುಳುಕು ಹಲ್ಲಿನ, ಕೀವಾದ ಒಸಡಿನ ಕ್ರಿಮಿಗಳು ರಕ್ತ ಸೇರಿ ಹೊಸ ವಾಲ್ವಿನ ಮೇಲೆ ಕೂತರೆ ಬಹಳ ಅಪಾಯಕಾರಿ ಸೋಂಕು ಆಗುತ್ತದೆ. ಕೀಳಬೇಕಾದ್ದನ್ನು ಮುಂಚೆಯೇ ಕೀಳಿಸಿ.

ಬೀಡಿ, ಸಿಗರೇಟು, ಹೊಗೆಸೊಪ್ಪು ಇವತ್ತೇ ಬಿಡಿ. ಮೂರು ಚೆಂಡಿರುವ ಉಸಿರಾಟದ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ, ಊದುವುದಲ್ಲ, ಒಳಕ್ಕೆ ಎಳೆಯುವುದು. ಚೆಂಡುಗಳು ಮೇಲೆದ್ದು ಒಂದೆರಡು ಕ್ಷಣ ನಿಲ್ಲುವಂತೆ ಮನೆಯಲ್ಲೇ ಅಭ್ಯಾಸ ಮಾಡಿ. ಆಪರೇಷನ್ ಆದ ಮೇಲೆ ಎದೆ ನೋಯುವಾಗ ಇದನ್ನು ಹೊಸದಾಗಿ ಕಲಿಯುವುದು ಬಹಳ ಕಷ್ಟ. ನಲವತ್ತು ದಾಟಿದವರಿಗೆ ಸಾಮಾನ್ಯವಾಗಿ ಆಂಜಿಯೋಗ್ರಾಂ ಮಾಡುತ್ತಾರೆ, ಬ್ಲಾಕ್ ಇದ್ದರೆ ಒಂದೇ ಸಲಕ್ಕೆ ಬೈಪಾಸ್ ಕೂಡ ಮುಗಿಸಲು. ರಕ್ತ ಕೊಡುವವರನ್ನು ಹೊಂದಿಸಿಟ್ಟುಕೊಳ್ಳಿ.

9. ಆಸ್ಪತ್ರೆಯ ದಿನಗಳು

ಎದೆಮೂಳೆ ಸೀಳಿ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಮೆಷಿನ್‌ಗೆ ವಹಿಸಿ, ಹೃದಯ ನಿಲ್ಲಿಸಿ ವಾಲ್ವ್ ಹೊಲಿಯುತ್ತಾರೆ. ಮೂರರಿಂದ ಐದು ಗಂಟೆ ಹಿಡಿಯಬಹುದು. ಕೆಲವರಿಗೆ ಬಲಪಕ್ಕೆಯ ಸಣ್ಣ ಸೀಳಿನಲ್ಲೇ ಮಾಡಲಾಗುತ್ತದೆ, ಆಗುವಂತಿದ್ದರೆ ಒಳ್ಳೆಯದು, ಆಗದಿದ್ದರೆ ಹಟ ಬೇಡ. ಗಾಯದ ಉದ್ದಕ್ಕಿಂತ ಒಳಗಿನ ಕೆಲಸ ಅಚ್ಚುಕಟ್ಟಾಗಿರುವುದು ಮುಖ್ಯ.

ಐಸಿಯುನಲ್ಲಿ ಮೊದಲ ಸಲ ನೋಡುವವರು ಗಾಬರಿಯಾಗುತ್ತಾರೆ. ಬಾಯಲ್ಲಿ ಉಸಿರಿನ ಕೊಳವೆ, ಕತ್ತಿನಲ್ಲಿ, ಎದೆ ಕೆಳಗೆ, ಮೂತ್ರಕ್ಕೆ, ಎಲ್ಲ ಕಡೆ ಪೈಪ್, ಮುಖ ಊದಿಕೊಂಡಿರುತ್ತದೆ. ಇದೆಲ್ಲ ಸಹಜ. ಹಿರಿಯರು ಒಂದೆರಡು ದಿನ ಅಸಂಬದ್ಧ ಮಾತಾಡಬಹುದು, ಹೆಚ್ಚಿನವರಿಗೆ ಅದೂ ಸರಿಹೋಗುತ್ತದೆ. ಎಲ್ಲ ಸರಿಯಿದ್ದರೆ ಒಂದು ವಾರದ ಆಸುಪಾಸಿನಲ್ಲಿ ಡಿಸ್ಚಾರ್ಜ್. ಹೊರಡುವಾಗ ವಾಲ್ವಿನ ಹೆಸರು, ಸೈಜ್, ನಂಬರ್ ಇರುವ ಕಾರ್ಡ್ ಕೇಳಿ ಪಡೆಯಿರಿ. ಮುಂದೆ ಎಂಆರ್‌ಐ ಆಗಲಿ, ಬೇರೆ ಆಪರೇಷನ್ ಆಗಲಿ, ಅದನ್ನು ತೋರಿಸಬೇಕು.

10. ಮನೆಗೆ ಬಂದ ಮೇಲೆ

ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕೊಡಪಾನ, ಗ್ಯಾಸ್ ಸಿಲಿಂಡರ್, ಮಕ್ಕಳು, ಯಾವುದನ್ನೂ ಎತ್ತಬಾರದು. ಬೈಕ್, ಸ್ಕೂಟರ್ ಓಡಿಸಬಾರದು. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಿ. ದಿನಾ ನಡೆಯಿರಿ, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಲೋಹದ ವಾಲ್ವ್ ಆದರೆ ರಾತ್ರಿ ಸದ್ದಡಗಿದಾಗ ಟಿಕ್ ಟಿಕ್ ಕೇಳಿಸುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ಕೇಳಬಹುದು. ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಒಗ್ಗಿಹೋಗುತ್ತದೆ.

ಅಸಿಟ್ರೋಮ್ ದಿನಾ ಒಂದೇ ಹೊತ್ತಿಗೆ, ಹೆಚ್ಚಾಗಿ ಸಂಜೆ. ನನ್ನ ಚಿಕ್ಕಮ್ಮ ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ತಕ್ಷಣ ಆ ದಿನದ ಚೌಕದಲ್ಲಿ ಡೋಸ್ ಬರೆಯುತ್ತಾರೆ, ಟೆಸ್ಟ್ ಆದ ದಿನ ಐಎನ್‌ಆರ್ ಅಂಕಿಯನ್ನು ಕೆಂಪು ಪೆನ್ನಿನಲ್ಲಿ. ಡಾಕ್ಟರ್ ಬಳಿ ಹೋಗುವಾಗ ಆ ಹಾಳೆಯ ಫೋಟೋ ಸಾಕು. ಮೆಡಿಕಲ್ ಶಾಪಿನಲ್ಲಿ ಎಷ್ಟು ಮಿಲಿಗ್ರಾಂ ಎಂದು ಪ್ರತಿಸಲ ಸ್ಟ್ರಿಪ್ ತಿರುಗಿಸಿ ನೋಡಿ. 1, 2, 3, 4 ಅಂತ ಬೇರೆ ಬೇರೆ ಬರುತ್ತದೆ, ಅದಲುಬದಲಾದರೆ ಅಪಾಯ. ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬೇಡಿ.

ಐಎನ್‌ಆರ್ ಸಾಮಾನ್ಯವಾಗಿ ಅಯೋರ್ಟಿಕ್ ಲೋಹದ ವಾಲ್ವಿಗೆ 2ರಿಂದ 3, ಮೈಟ್ರಲ್‌ಗೆ 2.5ರಿಂದ 3.5ರ ನಡುವೆ ಇರಬೇಕು. ನಿಮಗೆ ಎಷ್ಟು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಸೊಪ್ಪು ತಿನ್ನಲೇಬಾರದು ಎನ್ನುವುದು ತಪ್ಪು. ಪಾಲಕ್, ಹರಿವೆ, ನುಗ್ಗೆಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ ನಿಜ. ಬಸ್ಸಾರು ತಿನ್ನುವ ಮನೆಯವರು ವಾರಕ್ಕೆ ಎಷ್ಟು ಸಲ ತಿನ್ನುತ್ತೀರೋ ಅಷ್ಟನ್ನೇ ತಪ್ಪದೆ ತಿನ್ನುತ್ತಿದ್ದರೆ ಮಾತ್ರೆಯ ಡೋಸ್ ಅದಕ್ಕೆ ಹೊಂದಿಕೊಳ್ಳುತ್ತದೆ. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಒಂದೆಲೆಯೂ ಇಲ್ಲ ಅಂದರೆ ಮಾತ್ರ ಐಎನ್‌ಆರ್ ಏರುಪೇರು. ಶ್ರಾವಣದ ಉಪವಾಸ, ಭೇದಿ, ಜ್ವರ, ಹೊಸ ಆಂಟಿಬಯಾಟಿಕ್, ನಾಟಿ ಔಷಧ, ಇವೆಲ್ಲವೂ ಅದನ್ನು ಅಲುಗಾಡಿಸುತ್ತವೆ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ, ಪ್ಯಾರಾಸಿಟಮಾಲ್ ಕೇಳಿ. ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವ ಮುಂಚೆ ರಕ್ತ ತೆಳುವಿನ ಮಾತ್ರೆ ಮೇಲಿದ್ದೇನೆ ಎಂದು ಹೇಳಿ.

ರುಮ್ಯಾಟಿಕ್ ಕಾರಣದಿಂದ ವಾಲ್ವ್ ಹೋದವರು ಆ ಜ್ವರ ಮತ್ತೆ ಬರದಿರಲಿ ಅಂತ 21 ದಿನಕ್ಕೊಮ್ಮೆ ಪೆನಿಸಿಲಿನ್ ತೆಗೆದುಕೊಳ್ಳುತ್ತಿದ್ದರೆ ಬಲೂನ್ ಆಯಿತು, ಹೊಸ ವಾಲ್ವ್ ಬಂತು ಎಂದು ನಿಲ್ಲಿಸಬೇಡಿ. ಅಸಿಟ್ರೋಮ್ ನುಂಗುವವರಿಗೆ ಪೆನಿಸಿಲಿನ್ ಇಂಜೆಕ್ಷನ್ನಾ ಮಾತ್ರೆಯಾ ಎಂಬುದನ್ನು ಡಾಕ್ಟರ್ ಹೇಳುತ್ತಾರೆ. ಹಲ್ಲು ಕೀಳಿಸುವ ಮುಂಚೆ ಹೊಸ ವಾಲ್ವ್ ಇರುವವರಿಗೆ ಆಂಟಿಬಯಾಟಿಕ್ ಬೇಕು, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಅರ್ಧದಿಂದ ಒಂದು ಗಂಟೆ ಮೊದಲು. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ ಕೊಡುತ್ತಾರೆ.

ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಹೊರಡಿ: ಲೋಹದ ವಾಲ್ವಿನ ಟಿಕ್ ಸದ್ದು ನಿಂತಿದೆ ಅಥವಾ ಮಂದವಾಗಿದೆ, ಜೊತೆಗೆ ಉಸಿರು ಕಟ್ಟುತ್ತಿದೆ, ಬಾಯಿ ಸೊಟ್ಟಗಾಗಿದೆ, ಮಾತು ತೊದಲುತ್ತಿದೆ, ಒಂದು ಕೈ ಬಿದ್ದಿದೆ, ತಲೆಗೆ ಏಟು ಬಿದ್ದಿದೆ, ಮೇಲೆ ಗಾಯ ಕಾಣದಿದ್ದರೂ ಸರಿ, ಮಲ ಡಾಂಬರಿನಂತೆ ಕಪ್ಪಗಿದೆ, ಮೂಗಿನ ರಕ್ತ ನಿಲ್ಲುತ್ತಿಲ್ಲ. ಜ್ವರ ಎರಡು ದಿನ ಬಿಡದಿದ್ದರೆ ಅಂಗಡಿಯ ಆಂಟಿಬಯಾಟಿಕ್ ನುಂಗುವ ಮುಂಚೆ ಆಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್ ಮಾಡಿಸಿ. ಮಾತ್ರೆ ಮೊದಲೇ ಹೊಟ್ಟೆಗೆ ಹೋಗಿದ್ದರೆ ವಾಲ್ವಿನ ಸೋಂಕಿನ ಕ್ರಿಮಿ ಟೆಸ್ಟಿನಲ್ಲಿ ಸಿಗದೆ ಹೋಗಬಹುದು, ಆಗ ಸರಿಯಾದ ಔಷಧ ಆರಿಸುವುದು ಡಾಕ್ಟರಿಗೂ ಕಷ್ಟವಾಗುತ್ತದೆ.